ಸೂಜಿ ವಾಪಸು

ಕೌಲ್ ಬಜಾರಿನ ಹಿಂದಿನ ಓಣಿಯಲ್ಲಿ
ಜೀನ್ಸಿನ ಚಿಂದಿಯನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ.
ಕಾಲು ಊರು ಬಿಟ್ಟಿರುತ್ತದೆ, ಜೇಬೂ ಹೋಗಿರುತ್ತದೆ,
ಕತ್ತರಿಯ ಬಾಯಿಂದ ಉದುರಿದ ನೀಲಿಯಷ್ಟೇ ನಮಗೆ.

ಮಂಗಳವಾರ ಕರೆಂಟಿಲ್ಲ, ಮಿಷಿನ್ನುಗಳಿಗೆ ರಜೆ.
ಅವತ್ತು ಹೊನ್ನೂರಬಿಯ ಪಡಸಾಲೆಯಲ್ಲಿ ನಾವು ನಾಲ್ವರು
ಮೊಣಕಾಲ ಮೇಲೆ ಕೌದಿ ಎಳೆದುಕೊಂಡು ಕೂರುತ್ತೇವೆ,
ಒಬ್ಬೊಬ್ಬಳಿಗೆ ಒಂದೊಂದು ಮೂಲೆ.
ಐದನೆಯವಳು ಸಿರುಗುಪ್ಪದಲ್ಲಿ.
ಬಸ್ಸಿನ ಡ್ರೈವರ್ ಸೀಟಿಗೆ ಹಾಸಿದ ನಮ್ಮ ಕೌದಿ ಕಂಡು
‘ನಂದೂ ಒಂದಿಷ್ಟು ಕೂಡಿಸ್ಕೊಳ್ರಿ’ ಎಂದು ಹೇಳಿಕಳಿಸಿದವಳು.
ಲಚುಮವ್ವ ಅಂತೆ. ನೋಡಿದವರಿಲ್ಲ.
ಅವಳ ಚೌಕಗಳು ಕಂಡಕ್ಟರ್ ಗಾದಿಲಿಂಗಪ್ಪನ
ಕಾಲ ಬುಡದಲ್ಲಿ ಕೂತು ಬರುತ್ತವೆ.

ಜೀನ್ಸಿಗೆ ಸೂಜಿ ಇಳಿಯುವುದಿಲ್ಲ.
ವಾರಕ್ಕೆ ಎರಡು ಮುರಿಯುತ್ತವೆ, ಮೂರನೆಯದು ಬೆರಳಿಗೆ.
‘ಉಡದ ಅರಿವಿಗೆ ನಿದ್ದಿ ಗೊತ್ತಿರಂಗಿಲ್ಲವ್ವ,
ಒಬ್ಬರ ಬೆವರಾದ್ರೂ ಕುಡಿದಿರಬೇಕು’ ಅಂದಳು ತಾಯಕ್ಕ.
ಸರಿ, ಮನೆಮನೆಯಿಂದ ಹಳೆಯದು ಬಂತು:
ನಮ್ಮತ್ತೆಯ ಕುಬುಸದ ತೋಳು,
ಹೊನ್ನೂರಬಿಯ ಮಗಳ ಯೂನಿಫಾರ್ಮಿನ ಲಂಗ,
ಸುಂಕಮ್ಮನದು, ಬಿಟ್ಟುಹೋದ ಗಂಡನ ಲುಂಗಿ.
‘ನಡುವೆ ಹಾಕ್ಲೇನು?’ ಅಂದೆ.
‘ಬ್ಯಾಡ. ಕಾಲು ಚಾಚೋ ಕಡೆ ಹಾಕು.’
ಅವತ್ತು ನಕ್ಕು ನಕ್ಕು ಎಲ್ಲರ ಹೊಲಿಗೆಯೂ ಸೊಟ್ಟ.
ಬಿಚ್ಚಲಿಲ್ಲ.

‘ಈ ಬಿಸಿಲಾಗ ಕೌದಿ ಯಾರಿಗೆ ಬೇಕು?’
ಚಿಂದಿ ತೂಗುವ ಹುಡುಗ ಕೇಳುತ್ತಾನೆ.
ಹೊದೆಯಲಿಕ್ಕಲ್ಲಪ್ಪಾ, ಹಾಸಲಿಕ್ಕೆ.
ಕಲ್ಲುಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು
ರಾತ್ರಿ ಹನ್ನೊಂದರವರೆಗೂ ಕಕ್ಕುವಾಗ
ಮಾಳಿಗೆಯಲ್ಲಿ ಕಾದ ಗಾರೆಗೂ ಬೆನ್ನಿಗೂ ನಡುವೆ
ಏನಾದರೊಂದು ಬೇಕಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಬಂದ ಗಂಟಿನಲ್ಲಿ
ಒಂದೇ ಚೌಕ, ಅದೂ ಅರ್ಧ.
ಸೂಜಿ ಅದರಲ್ಲೇ ಚುಚ್ಚಿಕೊಂಡಿತ್ತು,
ದಾರ ಇನ್ನೂ ಗೇಣುದ್ದ.
‘ಯಾವನೋ ಹುಡುಗ ಕೊಟ್ಟು ಓಡಿದ’ ಅಂದ ಗಾದಿಲಿಂಗಪ್ಪ.
ಹೊನ್ನೂರಬಿ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು,
ಯಾರೂ ಸಿಹಿ ಅನ್ನಲಿಲ್ಲ.

ಸೂಜಿ ಎತ್ತಿಕೊಂಡವಳು ನಾನು.
ಅವಳು ನಿಲ್ಲಿಸಿದಲ್ಲಿಂದ ಹೊರಟರೆ
ಹೊಲಿಗೆ ಎದುರಿಗೆ ಬರುತ್ತದೆ,
ಇಕ್ಕಟ್ಟಿನ ಓಣಿಯಲ್ಲಿ ಭುಜ ತಾಗಿದ ಹಾಗೆ.
ತಿರುಗಿಸಿದೆ, ಬಾಗಿಲ ಬೆಳಕಿಗೆ ಹಿಡಿದೆ.
ಎಡಗೈಯವಳು!
ಎರಡು ವರ್ಷ ಇವಳ ಚೌಕಕ್ಕೆ ನಮ್ಮ ಚೌಕ ಕೂಡಿಸಿದ್ದೇವೆ,
ಇಷ್ಟು ತಿಳಿದಿರಲಿಲ್ಲ.
ಎಡಗೈಯಲ್ಲೇ ಹೊಲಿದು ಮುಗಿಸಿದೆ. ಹುಳು ಹರಿದಂತೆ ಬಂತು.

ಕೊನೆಗೆ ಕೌದಿಯ ಹೊಟ್ಟೆಗೆ ಒಂದು ತುತ್ತು.
ತಾಯಕ್ಕ ಜೋಳದ ರೊಟ್ಟಿಯ ಚೂರು ತುರುಕಿದಳು.
ತಾನು ಹಸಿದದ್ದು ಇನ್ನೊಬ್ಬರನ್ನು ಮಲಗಿಸೀತೆ?
ಆ ನಾಲ್ಕು ಬೆರಳಗಲದ ಬಾಯಿಯನ್ನು ಮಾತ್ರ
ಹೊಲಿಯಲು ಯಾರಿಗೂ ಕೈ ಬರಲಿಲ್ಲ.
ಹಾಗೇ ಮಡಚಿಟ್ಟೆವು.

ದಸರೆ ಕಳೆದ ಮೇಲೆ ಗಂಟು ಬಂತು.
ಚೌಕವಿಲ್ಲ. ಕೂಸಿನ ಅಂಗಿಯ ತೋಳೊಂದು,
ಹೆಬ್ಬೆರಳು ತೂರಿಸಿದರೆ ತುಂಬುವಷ್ಟು.
ರೂಲು ಹಾಕಿದ ಹಾಳೆಯಲ್ಲಿ ಎಡಕ್ಕೆ ವಾಲಿದ ಅಕ್ಷರ:
‘ಏಳು ತಿಂಗಳಿಗೇ ಹುಟ್ಟಿತ್ರಿ. ಈಗ ಎರಡೂವರೆ ಕಿಲೋ ಐತಿ.
ಗಡಿಬಿಡ್ಯಾಗ ದೊಡ್ಡ ಮಗ ಕಟ್ಟಿ ಕಳಿಸ್ಯಾನ.
ನನ್ನ ಸೂಜಿ ವಾಪಸು ಕಳಸ್ರಿ. ಅದು ನಮ್ಮವ್ವಂದು.’

ಯಾರಿಗಾದರೂ ಚುಚ್ಚೀತೆಂದು
ಸೂಜಿಯನ್ನು ಜೀನ್ಸಿನ ಏಳು ಮಡಿಕೆಯಲ್ಲಿ ಸುತ್ತಿದೆವು.
‘ಈ ಅರಿವಿಯ ಸೊಕ್ಕು ಇವತ್ತೊಂದಿನ ಕೆಲಸಕ್ಕ ಬಂತು’ ತಾಯಕ್ಕ.
ಗಾದಿಲಿಂಗಪ್ಪ ಗಂಟನ್ನು ಅಂಗೈಯಲ್ಲಿ ತೂಗಿದ,
ಸಿರುಗುಪ್ಪ, ಸಿರುಗುಪ್ಪ ಎಂದು ಕೂಗುತ್ತಲೇ ಕೇಳಿದ:
‘ಇದಕ್ಕ ಲಗೇಜು ಹರೀಲೋ, ಅರ್ಧ ಟಿಕೀಟು ಹರೀಲೋ?’